ತಿಥಿಯಿಲ್ಲದ ಅಜ್ಜ

ಎಜ್‌ವೇರ್‌ನಲ್ಲಿ ನವೆಂಬರ್ ತಿಂಗಳ ಬೆಳಕು ಸರಕಾರಿ ಆಫೀಸಿನ ಸಾಹೇಬನಿದ್ದಂತೆ. ತಡವಾಗಿ ಬರುತ್ತದೆ, ಊಟ ಮುಗಿಯುವುದೇ ತಡ ಎದ್ದು ಹೊರಡುತ್ತದೆ. ಕತ್ತಲಲ್ಲಿ ಆಸ್ಪತ್ರೆಗೆ ಹೋಗಿ ಕತ್ತಲಲ್ಲೇ ಮರಳುವ ನನಗೆ ಈ ತಿಂಗಳೆಂದರೆ ಆಗದು. ಅಪ್ಪ ತೀರಿದ ಮೇಲೆ ಧಾರವಾಡದಿಂದ ಬಂದು ಮಗಳಾದ ನನ್ನ ಜೊತೆಗಿರುವ ಅವ್ವನಿಗಂತೂ ಇನ್ನೂ ಆಗದು. ಎಂಬತ್ತು ದಾಟಿದ ಅವಳು ರೇಡಿಯೇಟರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮೊಣಕಾಲ ಮೇಲೆ ಶಾಲು ಹೊದ್ದು, ಇಡೀ ತಿಂಗಳು ಕೆಂಪು ಉಲ್ಲನ್ನಿನ ಹೂ ಹೆಣೆಯುತ್ತಾಳೆ. ಯುದ್ಧದಲ್ಲಿ ಸತ್ತವರಿಗೆ ಮೀಸಲಾದ ಹೂ ಅದು.

ಸತ್ತ ಸೈನಿಕರನ್ನು ನೆನೆಯುವ ಭಾನುವಾರವೊಂದು ಬ್ರಿಟಿಷರ ಈ ನಾಡಿನಲ್ಲಿ ಈ ತಿಂಗಳು ಬರುತ್ತದೆ. ಜನ ಗಸಗಸೆ ಜಾತಿಯ ಒಂದು ಕೆಂಪು ಹೂವನ್ನು ಕಾಗದದಲ್ಲಿ ಮಾಡಿ ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ‘ಪಾಪಿ’ ಎಂಬ ಅದರ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಬೈಗುಳದಂತೆ ಕೇಳುವುದರಿಂದ ಅವ್ವ ಅದನ್ನು ಬರೀ ‘ಕೆಂಪು ಹೂ’ ಅನ್ನುತ್ತಾಳೆ. ನಮ್ಮ ಬೀದಿಯ ಹೆಂಗಸರು ಆ ಹೂವನ್ನೇ ಉಲ್ಲನ್ನಿನಲ್ಲಿ ಹೆಣೆದು, ಎಲ್ಲವನ್ನೂ ಒಂದು ಟೋಪಿಗೆ ಹೊಲಿದು, ಮೂಲೆಯ ಅಂಚೆಡಬ್ಬಿಯ ತಲೆಗೆ ತೊಡಿಸುತ್ತಾರೆ. ಈ ಕೆಲಸಕ್ಕೆಲ್ಲ ಎದುರುಮನೆಯಾಕೆಯೇ ಯಜಮಾನಿ. ಅವ್ವ ಸ್ವೆಟರ್ ಹೆಣೆಯುವುದನ್ನು ಕಿಟಕಿಯಲ್ಲಿ ಕಂಡವಳೇ ಬಾಗಿಲು ಬಡಿದು ಉಲ್ಲನ್ನಿನ ಉಂಡೆ ಕೈಗಿಟ್ಟು ಹೋಗಿದ್ದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಇಬ್ಬರೂ ಕೂತು ಒಬ್ಬರ ಹೆಣಿಕೆ ನೋಡಿ ಇನ್ನೊಬ್ಬರು ಮುಖ ಸಿಂಡರಿಸುತ್ತಾರೆ, ಇಷ್ಟವಾಗದಿದ್ದರೆ ಕೇಳದೆಯೇ ಬಿಚ್ಚುತ್ತಾರೆ.

ನನ್ನ ಪಾಲಿಗೆ ಬಂದದ್ದು ಬಿಸ್ಕತ್ತು. ಓಟ್ಸ್, ಬೆಣ್ಣೆ, ಸಕ್ಕರೆಪಾಕ, ಒಣಕೊಬ್ಬರಿ ಕಲಸಿ ಓವನ್ನಿನಲ್ಲಿಡುವ ಬಿಸ್ಕತ್ತು. ಯುದ್ಧದ ಕಾಲಕ್ಕೆ ಮೊಟ್ಟೆ ಸಿಗದೆ ಇವರ ಹಿರಿಯರು ಹೀಗೆ ಮಾಡುತ್ತಿದ್ದರಂತೆ. ಅವರ ಬಡತನದ ತಿಂಡಿ ನಮ್ಮ ಮಡಿಗೆ ಸರಿಹೋಯಿತು. ಅವ್ವ ಈ ದೇಶದಲ್ಲಿ ಪರರು ಕಲಿಸಿದ್ದನ್ನು ಅನುಮಾನಿಸದೆ ತಿನ್ನುವುದು ಇದೊಂದನ್ನೇ.

ಆ ಗುಂಪಿನವರಲ್ಲಿ ಇನ್ನೊಂದು ರೂಢಿಯಿದೆ. ಕೊನೆಯ ಹೂವನ್ನು ಟೋಪಿಗೆ ಕೊಡುವುದಿಲ್ಲ, ತಮ್ಮ ಮನೆಯ ಸತ್ತವರಿಗೆಂದು ಬೀದಿಯ ಕಿಟಕಿಯಲ್ಲಿಡುತ್ತಾರೆ. ಎದುರುಮನೆಯಾಕೆ ತನ್ನ ಚಿಕ್ಕಪ್ಪನಿಗೆ ಇಡುತ್ತಾಳೆ. ಹೋದ ವರ್ಷ ಅವಳು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ನಿಮ್ಮದು ಯಾರಿಗೆ ಎಂದು ಕೇಳಿದಳು. ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ಅವ್ವ ತನಗೆ ಬರುವ ನಾಲ್ಕಾರು ಇಂಗ್ಲಿಷ್ ಶಬ್ದಗಳಲ್ಲಿ ಒಂದನ್ನು ತೆಗೆದು, ‘ನೋಬಡಿ’ ಅಂದಳು. ನನಗೆ ಮೈ ಉರಿಯಿತು. ಆ ಗುಂಪಿನಲ್ಲಿ ಸ್ವಂತ ತಂದೆಯನ್ನೇ ಯುದ್ಧಕ್ಕೆ ಕಳೆದುಕೊಂಡವಳು ಅವ್ವ ಒಬ್ಬಳೇ.

ನನ್ನ ಅಜ್ಜ, ಅಂದರೆ ಅವ್ವನ ಅಪ್ಪ, ಬ್ರಿಟಿಷರ ದಂಡಿನಲ್ಲಿ ಗುಮಾಸ್ತನಾಗಿ ಬರ್ಮಾಕ್ಕೆ ಹೋದವನು. ಕೋವಿ ಹಿಡಿದವನಲ್ಲ, ಅಕ್ಕಿ ಬೇಳೆಯ ಲೆಕ್ಕ ಬರೆಯುತ್ತಿದ್ದವನು. ಅವ್ವ ಆಗ ಹೊಟ್ಟೆಯಲ್ಲಿದ್ದಳು. ಜಪಾನಿನವರು ಬಂದರು, ದಂಡು ಚದುರಿತು, ಅಜ್ಜನ ಸುದ್ದಿ ನಿಂತಿತು. ಸತ್ತನೆಂದು ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ.

ಹೀಗೆ ಕಾಣೆಯಾದವರಿಗೂ ನಮ್ಮಲ್ಲಿ ದಾರಿಯಿದೆ. ಹನ್ನೆರಡು ವರ್ಷ ಕಾದ ಮೇಲೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸುತ್ತಾರೆ. ಆಮೇಲೆ ಸತ್ತವನಿಗೊಂದು ತಿಥಿ ಸಿಗುತ್ತದೆ, ವರ್ಷಕ್ಕೊಮ್ಮೆ ಎಳ್ಳು, ನೀರು, ಪಿಂಡ ಸಿಗುತ್ತದೆ. ಅಜ್ಜನ ಅಣ್ಣಂದಿರು ಭಟ್ಟರನ್ನು ಕರೆದುಕೊಂಡೇ ಬಂದಿದ್ದರಂತೆ. ಅಜ್ಜಿ ಹೊಸ್ತಿಲ ಮೇಲೆ ನಿಂತು, “ಜೀವಂತ ಇದ್ದವರನ್ನ ಸುಡ್ಲಿಕ್ಕೆ ಬಂದೀರೇನು?” ಎಂದು ಕೇಳಿದಳಂತೆ. ಬಂದವರು ದರ್ಭೆಯ ಕಟ್ಟಿನ ಸಮೇತ ಹಿಂದೆ ಹೋದರು. ಆಮೇಲೆ ಆಕೆ ಬದುಕಿದ್ದಷ್ಟು ಕಾಲ ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ. ಬೆನ್ನ ಹಿಂದೆ ಜನ ಆಡಿಕೊಂಡರು, ಮುಂದೆ ಉಡಿ ತುಂಬಿದರು. ಸತ್ತಾಗ ಮುತ್ತೈದೆಯೆಂದೇ ಹಸಿರು ಸೀರೆ ಉಡಿಸಿ ಕಳಿಸಿಕೊಟ್ಟರು.

ಅಜ್ಜಿಯ ಆ ಹಟವನ್ನು ಅವ್ವ ಆಸ್ತಿಯ ಹಾಗೆ ಪಡೆದುಕೊಂಡಳು. ಅವಳು ತಂದೆಗೆ ಒಂದು ದಿನ ಗೊತ್ತುಮಾಡಬೇಕೆಂಬುದು ನನ್ನ ಆಸೆ. ನಾನು ಡಾಕ್ಟರು, ಎಂಬತ್ತು ದಾಟಿದ ಹೃದಯ ಎಷ್ಟು ದಿನದ್ದೆಂದು ನನಗೆ ಗೊತ್ತು. ಅವಳು ಹೋದರೆ ಅಜ್ಜನನ್ನು ತನ್ನವನೆಂದು ಕಾಯುವವರೂ ಇಲ್ಲ, ಅಳುವವರೂ ಇಲ್ಲ. ಈ ಮಾತು ತೆಗೆದಾಗಲೆಲ್ಲ ಅವ್ವ ಹೆಣಿಕೆಯ ಮನೆ ಎಣಿಸುವವಳಂತೆ ತಲೆ ಬಗ್ಗಿಸುತ್ತಿದ್ದಳು. ಎಣಿಸುತ್ತಿರಲಿಲ್ಲ, ನನಗೆ ಗೊತ್ತಿತ್ತು.

ಈ ವರ್ಷ ಆ ಭಾನುವಾರ ನನಗೆ ರಜೆಯಿತ್ತು. ಬೆಳಿಗ್ಗೆ ಬಿಸ್ಕತ್ತಿಗೆ ಕಲಸಲು ಕೂತರೆ ಒಣಕೊಬ್ಬರಿ ಮುಗಿದಿದೆ. ಅದಕ್ಕಾಗಿ ಕ್ವೀನ್ಸ್‌ಬರಿಯ ಅಂಗಡಿಯ ತನಕ ಮಳೆಯಲ್ಲಿ ಯಾರು ಹೋಗುವುದು? ಶನಿವಾರದ ದೀಪಕ್ಕೆಂದು ಇಟ್ಟಿದ್ದ ಎಳ್ಳಿನ ಡಬ್ಬಿ ಕೈಗೆ ಸಿಕ್ಕಿತು. ಬೇಕರಿಯ ಬ್ರೆಡ್ಡಿನ ಮೇಲೆ ಇರುತ್ತದಲ್ಲ, ಚಂದ ಕಾಣುತ್ತದೆ ಎಂದು ಧಾರಾಳವಾಗಿ ಉದುರಿಸಿ ತಟ್ಟೆಯನ್ನು ಓವನ್ನಿಗೆ ತಳ್ಳಿದೆ. ಅದು ಕರಿ ಎಳ್ಳು. ಇಷ್ಟು ವರ್ಷ ಓದಿದ ತಲೆಗೆ ಅಷ್ಟು ಹೊಳೆಯಲಿಲ್ಲ.

ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಟಿವಿಯಲ್ಲಿ ಕಪ್ಪು ಕೋಟಿನವರು ಸಾಲುಸಾಲಾಗಿ ನಿಂತಿದ್ದರು. ಬಿಸಿ ತಟ್ಟೆಯನ್ನು ತಂದು ಅವ್ವನ ಮುಂದಿಟ್ಟೆ. ಅವಳು ಒಂದನ್ನು ಎತ್ತಿಕೊಳ್ಳಲು ಹೋಗಿ ಕೈ ಹಿಂದಕ್ಕೆ ತೆಗೆದಳು.

“ಇದೇನು?”

“ಬಿಸ್ಕೀಟು.”

“ಮ್ಯಾಲಿಂದು?”

ಆಗ ನನಗೆ ತಿಳಿಯಿತು. ಸತ್ತವರ ದಿನ, ಅವರ ಹೆಸರಿನಲ್ಲಿ ಮಾಡಿದ ತಿಂಡಿ, ಅದರ ತುಂಬ ಕರಿ ಎಳ್ಳು.

“ನಮ್ಮಪ್ಪಗ ಎಳ್ಳು ಬಿಟ್ಟಿ, ಹೌದಲ್ಲ?” ಅವ್ವ ತಟ್ಟೆಯನ್ನು ದೂರ ಸರಿಸಿದಳು. “ನನ್ನ ಒಂದು ಮಾತು ಕೇಳಲಾರದ?”

“ಇಲ್ಲವ್ವಾ, ಕೊಬ್ಬರಿ ತೀರಿತ್ತು. ಕೈಗೆ ಸಿಕ್ಕಿದ್ದ ಹಾಕಿದೆ, ಅಷ್ಟ.”

“ಸುಳ್ಳ ಹೇಳಬ್ಯಾಡ. ಹೋದ ವರ್ಷದಿಂದ ನಿನ್ನ ಕಣ್ಣು ಇದರ ಮ್ಯಾಲೇ ಅದ. ಅವರು ಸತ್ತದ್ದು ಯಾರು ನೋಡ್ಯಾರ? ನೀ ನೋಡೀ?”

ನನಗೂ ಸಿಟ್ಟು ನೆತ್ತಿಗೇರಿತು. ಮಾಡದ ತಪ್ಪಿಗೆ ಬೈಸಿಕೊಳ್ಳುವುದು ನನ್ನಿಂದಾಗದು. “ಅವ್ವಾ, ಇದ್ದಿದ್ದರ ಅಜ್ಜಗ ಈಗ ನೂರಾ ಹತ್ತರ ಮ್ಯಾಲಾಗ್ತಿತ್ತು. ಇನ್ನ ಯಾರು ಬರ್ತಾರ?” ಅಂದುಬಿಟ್ಟೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು! ಅಷ್ಟು ವರ್ಷ ಮನೆಯಲ್ಲಿ ಯಾರೂ ಆಡದ ಲೆಕ್ಕವನ್ನು ನಾನು ಬಿಸ್ಕತ್ತಿನ ತಟ್ಟೆಯ ಮೇಲೆ ಆಡಿದ್ದೆ. ಅವ್ವ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಶಾಲಿನ ಅಂಚನ್ನು ಹಿಂಡುತ್ತ, ನನ್ನ ಕಡೆ ನೋಡದೆ ಮಾತಾಡಿದಳು.

“ನನಗ ಗೊತ್ತಿಲ್ಲೇನು? ನಾನೂ ಸಾಲಿ ಕಲ್ತಾಕಿ, ಲೆಕ್ಕಾ ನನಗೂ ಬರ್ತದ. ಅಪ್ಪಗ ಒಂದು ದಿನಾ ಕೊಟ್ಟೆ ಅಂದ್ರ ನಮ್ಮವ್ವ ಏನಾಗ್ತಾಳ ಹೇಳು. ಅಷ್ಟು ವರ್ಷ ಹಚಗೊಂಡ ಕುಂಕುಮ ಏನಾಗ್ತದ? ಹಸಿರು ಸೀರಿ ಉಟ್ಟು ಹೋಗ್ಯಾಳ ಆಕಿ. ಆಕೀ ಹಣೀ ನಾ ಒರಸ್ಲಿ?”

ಇಷ್ಟು ದಿನ ಇದನ್ನು ಅಪ್ಪ ಮಗಳ ಮಾತೆಂದು ತಿಳಿದು ವಾದ ಹೂಡಿದ್ದೆ. ಅವಳು ಕಾಯುತ್ತಿದ್ದುದು ಅಪ್ಪನನ್ನಲ್ಲ, ತನ್ನ ಅವ್ವನ ಮುತ್ತೈದೆತನವನ್ನು. ಕಾಣದ ಅಪ್ಪನಿಗಿಂತ, ಕಂಡು ಬೆಳೆದ ಅವ್ವ ಅವಳಿಗೆ ದೊಡ್ಡವಳು. ನನ್ನ ಮೇಲೆ ನನಗೇ ಬೇಸರವಾಯಿತು.

ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ಟಿವಿಯಲ್ಲಿ ಎಲ್ಲ ಮಾತೂ ನಿಂತಿತು. ಈ ದೇಶದವರು ಎರಡು ನಿಮಿಷ ಬಾಯಿಮುಚ್ಚಿ ನಿಲ್ಲುವುದು ಇದೊಂದು ದಿನ. ನಾನು ಎದ್ದು ನಿಂತೆ. ಅವ್ವ ಕುರ್ಚಿಯ ಕೈ ಹಿಡಿದು ಏಳಲು ನೋಡಿದಳು, ಆಗಲಿಲ್ಲ. ನಾನು ರಟ್ಟೆ ಹಿಡಿದು ಎಬ್ಬಿಸಿದೆ. ಬಿಡಿಸಿಕೊಳ್ಳುತ್ತಾಳೆಂದು ಹೆದರಿದ್ದೆ, ಬಿಡಿಸಿಕೊಳ್ಳಲಿಲ್ಲ. ಹೊರಗೆ ಮಳೆ, ಒಳಗೆ ಬೆಣ್ಣೆಯೂ ಎಳ್ಳೂ ಕಂದಿದ ವಾಸನೆ. ಧಾರವಾಡದಲ್ಲಿ ಶ್ರಾದ್ಧದ ಮಧ್ಯಾಹ್ನ ಅಡುಗೆಮನೆಯಿಂದ ಬರುತ್ತಿದ್ದ ವಾಸನೆಗೂ ಇದಕ್ಕೂ ಬಹಳ ದೂರವೇನಿರಲಿಲ್ಲ. ಅವ್ವನ ಮೈಭಾರವೆಲ್ಲ ನನ್ನ ತೋಳಿನ ಮೇಲಿತ್ತು, ಅದು ಎಷ್ಟು ಕಡಿಮೆಯೆಂದು ಆಗಲೇ ಗೊತ್ತಾದದ್ದು.

ಕಹಳೆ ಊದಿದರು. ಜನ ಅಲುಗಾಡಿದರು. ಅವ್ವ ಕೂರಲಿಲ್ಲ.

“ಇವತ್ತ ತಿಥಿ ಯಾವುದು?” ಎಂದು ಕೇಳಿದಳು.

ಏಕಾದಶಿಯ ಉಪವಾಸಕ್ಕೆ ಆಗಾಗ ಹೀಗೆ ಕೇಳುತ್ತಿರುತ್ತಾಳೆ, ಆ ದನಿ ಬೇರೆ. ನಾನು ಫೋನು ತೆಗೆದು ನೋಡಿದೆ.

“ಪಂಚಮಿ. ಕಾರ್ತೀಕ ಬಹುಳ ಪಂಚಮಿ.”

“ಕಾರ್ತೀಕ ಬಹುಳ ಪಂಚಮಿ,” ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ಮಗ್ಗಿ ಒಪ್ಪಿಸುವ ಹುಡುಗಿಯಂತೆ ಮತ್ತೊಮ್ಮೆ ಹೇಳಿದಳು. “ಇದ ಇರ್ಲಿ. ಮುಂದಿನ ವರ್ಷ ನಾ ಇರ್ಲಿ, ಬಿಡ್ಲಿ, ಭಟ್ಟರಿಗೆ ಹೇಳಿ ಇದ ದಿನಾ ಮಾಡಸು.”

ಆಗಲಿ ಎಂದೆ. ಗೆದ್ದಂತೆ ಅನ್ನಿಸಲಿಲ್ಲ. ಅವಳನ್ನು ಕುರ್ಚಿಗೆ ಕೂರಿಸಿ, ಶಾಲು ಸರಿಮಾಡಿ, ತಟ್ಟೆಯನ್ನು ಒಳಗೆ ಒಯ್ಯಲೆಂದು ತಿರುಗಿದೆ. ಅವಳು ನನ್ನ ಸೆರಗಿಲ್ಲದ ಮನೆಯಂಗಿಯ ತುದಿಯನ್ನು ಹಿಡಿದು ನಿಲ್ಲಿಸಿದಳು. ಗುಟ್ಟು ಹೇಳುವವಳಂತೆ ದನಿ ತಗ್ಗಿಸಿದಳು.

“ನಮ್ಮವ್ವಗ ಮಾತ್ರ ಹೇಳಬ್ಯಾಡ.”

ಅಜ್ಜಿ ಹೋಗಿ ಮೂವತ್ತು ವರ್ಷದ ಮೇಲಾಗಿದೆ. “ಹೇಳೂದಿಲ್ಲವ್ವಾ,” ಅಂದೆ.