ಟೇಪಕ್ಕ ಹುಡುಕಿದ ಪವರ್ ಸಪ್ಲೈ

ಟೇಪಕ್ಕನನ್ನು ಅವಳ ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಒಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆ ಒಬ್ಬನಿಗೂ ಮಾತು ಹೋಗಿತ್ತು.

ರೆಡಿಮೇಡ್ ಬಟ್ಟೆಯಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಪ್ಯಾಂಟಿನ ಉದ್ದ ಕತ್ತರಿಸಿ ಮಡಿಸಿ ಹೊಲಿಯುವುದು, ಸಡಿಲವಾದ ಸೊಂಟ ಬಿಗಿ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು ಅವಳ ಕೆಲಸ. ಅಳತೆಯ ಟೇಪು ಬೆಳಿಗ್ಗೆ ಕೊರಳಿಗೆ ಬಿದ್ದರೆ ಮಲಗುವ ಹೊತ್ತಿಗೇ ಕೆಳಗಿಳಿಯುವುದು. ಆ ಹೆಸರು ಬಂದದ್ದು ಹಾಗೆ. "ಊರೆಲ್ಲ ದಪ್ಪ ಆಗ್ತಿದೆ, ನನ್ನ ಕೂಲಿ ಒಂದೇ ಸಣ್ಣಗಾಗ್ತಿರೋದು" ಎಂದು ಹೇಳಿ ಎದುರಿಗಿದ್ದವರನ್ನು ನಗಿಸಿ, ತಾನು ಮಾತ್ರ ನಗದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅವಳ ಗಂಡ ರೇಡಿಯೋ, ಟೀವಿ ರಿಪೇರಿ ಮಾಡುತ್ತಿದ್ದವನು. ಮೊದಲು ಅವನ ಕಾಲು ಎಡವತೊಡಗಿತು, ಆಮೇಲೆ ಕೈಯಿಂದ ಸ್ಕ್ರೂಡ್ರೈವರ್ ಜಾರಿತು, ಆಮೇಲೆ ನಾಲಿಗೆ ತೊದಲಿತು. ನರಗಳ ಕಾಯಿಲೆ, ಮದ್ದಿಲ್ಲ ಎಂದರು ಡಾಕ್ಟರು. ದೇಹ ಒಂದೊಂದೇ ಕೋಣೆಯ ದೀಪ ಆರಿಸುತ್ತ ಬಂದರೂ ಒಳಗಿನ ಮನುಷ್ಯ ಎಲ್ಲಿದ್ದನೋ ಅಲ್ಲೇ ಇದ್ದ. ಕೊನೆಗೆ ಅವನಿಗೆ ಉಳಿದದ್ದು ಎರಡು ಕಣ್ಣು, ಬಲಗೈಯ ಹೆಬ್ಬೆರಳು.

ಆದರೆ ರಿಪೇರಿಯವನ ಬುದ್ಧಿ ಎಲ್ಲಿ ಹೋಗುತ್ತದೆ? ಕೈ ಇನ್ನೂ ಅಲ್ಪಸ್ವಲ್ಪ ಆಡುತ್ತಿದ್ದಾಗಲೇ ಅವನು ಯಾವುದೋ ಆಫೀಸಿನವರು ಮೂಲೆಗೆ ಹಾಕಿದ್ದ ಒಂದು ಪುಟ್ಟ ಕಂಪ್ಯೂಟರ್ ತಂದಿದ್ದ. ದಪ್ಪ ಪುಸ್ತಕ ಎರಡನ್ನು ಒಂದರ ಮೇಲೊಂದು ಇಟ್ಟರೆ ಎಷ್ಟಾಗುತ್ತದೋ ಅಷ್ಟೇ ಗಾತ್ರ. ನಾಲಿಗೆ ಪೂರ್ತಿ ಸೋಲುವ ಮೊದಲು ತನ್ನದೇ ದನಿಯಲ್ಲಿ ಮಾತುಗಳನ್ನೂ ಅಕ್ಷರಗಳನ್ನೂ ಅದರೊಳಗೆ ತುಂಬಿಸಿಟ್ಟ. ಪರದೆಯ ಮೇಲೆ ಅಕ್ಷರದ ಸಾಲುಗಳ ಮೇಲೆ ಒಂದು ಹಳದಿ ಪಟ್ಟಿ ಓಡುತ್ತಿತ್ತು. ಬೇಕಾದ ಸಾಲು ಬಂದಾಗ ಹೆಬ್ಬೆರಳಿನ ಕೆಳಗಿನ ಗುಂಡಿ ಒತ್ತಬೇಕು, ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ ಒತ್ತಬೇಕು. ಮಾತು ಮುಗಿದ ಮೇಲೆ ಪೆಟ್ಟಿಗೆ ಅದನ್ನು ಅವನ ದನಿಯಲ್ಲೇ ಹೇಳುತ್ತಿತ್ತು. ಒಂದು ವಾಕ್ಯ ಆಗುವಷ್ಟರಲ್ಲಿ ಟೇಪಕ್ಕ ಒಂದು ಪ್ಯಾಂಟಿನ ಎರಡೂ ಕಾಲು ಮಡಿಸಿ ಹೊಲಿಯುತ್ತಿದ್ದಳು. ಆದರೂ ಅದು ಮಾತು. "ಸಾರಿಗೆ ಉಪ್ಪಿಲ್ಲ ಅಂತ ಹೇಳೋಕೆ ಅರ್ಧ ಗಂಟೆ ತಗೋತೀರಲ್ಲ, ಅಷ್ಟರಲ್ಲಿ ನಾನು ಉಪ್ಪು ಹಾಕಿ ಎರಡು ಸಲ ಬಡಿಸ್ತಿದ್ದೆ" ಎಂದು ರೇಗಿಸುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಮನೆಗೆ ಬಂದ ಡಾಕ್ಟರು ಅವನ ಎದೆಗೆ ಕಿವಿಗೊಟ್ಟು ಕೇಳಿ, ಅವನೆದುರಿಗೇ ಹೇಳಿದರು. "ಉಸಿರು ಸೋಲ್ತಾ ಇದೆ. ಗಂಟಲಿಗೆ ತೂತು ಮಾಡಿ ಪೈಪ್ ಹಾಕಿ ಮೆಷಿನ್ನಿಗೆ ಸೇರಿಸಿದ್ರೆ ಇನ್ನೂ ಕೆಲವು ವರ್ಷ ಇರಬಹುದು. ಹೀಗೇ ಇರ್ತಾರೆ, ಇದಕ್ಕಿಂತ ಸುಧಾರಿಸಲ್ಲ. ಹಾಕಿದ ಮೇಲೆ ತೆಗೆಯೋದು ಕಷ್ಟದ ಮಾತು. ಬೇಕೋ ಬೇಡವೋ ಅವರೇ ಹೇಳಲಿ, ಅವರ ಮಾತಲ್ಲೇ ಬರಲಿ."

ಅವತ್ತು ಸಂಜೆ ಹಳದಿ ಪಟ್ಟಿ ಓಡತೊಡಗಿತು. ಟೇಪಕ್ಕ ಹೊಲಿಗೆ ಬಿಟ್ಟು ಪರದೆಯ ಮುಂದೆ ಕೂತಳು. 'ನನ್ನನ್ನು' ಎಂಬ ಪದ ಮುಗಿಯಿತು. ಅಷ್ಟರಲ್ಲಿ ಮಂಚದ ಕೆಳಗಿದ್ದ ಪೆಟ್ಟಿಗೆಯಲ್ಲಿ ಚಟ್ ಎಂದು ಸದ್ದಾಯಿತು. ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

ಸುಟ್ಟದ್ದು ಪವರ್ ಸಪ್ಲೈ, ಗೋಡೆಯ ಕರೆಂಟನ್ನು ಪಳಗಿಸಿ ಪೆಟ್ಟಿಗೆಗೆ ಉಣಿಸುವ ಭಾಗ. ದೊಡ್ಡ ಕಂಪ್ಯೂಟರಿನದಾದರೆ ಯಾವ ಅಂಗಡಿಯಲ್ಲಾದರೂ ಸಿಗುವ ಚೌಕದ ಡಬ್ಬಿ. ಈ ಪುಟ್ಟ ಪೆಟ್ಟಿಗೆಯದು ಉದ್ದಕ್ಕೆ, ಇಟ್ಟಿಗೆಯನ್ನು ಸೀಳಿದ ಹಾಗಿತ್ತು. ಪೇಟೆಯ ಅಂಗಡಿಯವರು ಅದನ್ನು ತಿರುಗಿಸಿ ನೋಡಿ ತಲೆಯಾಡಿಸಿದರು. ಹೊಸದನ್ನು ಹೊರದೇಶದಿಂದ ತರಿಸಿದರೆ ಮೂಗಿಗಿಂತ ಮೂಗುತಿ ಭಾರ. "ಹೊಸ ಕಂಪ್ಯೂಟರೇ ತಗೊಳ್ಳಿ ಅಕ್ಕ" ಎಂದರು. ಆದರೆ ಹೆಬ್ಬೆರಳಿನ ಗುಂಡಿ ಸಿಕ್ಕಿಸುವ ಜಾಗ ಹೊಸದರಲ್ಲಿ ಇಲ್ಲ, ಅವನು ಕೂರಿಸಿದ ಪ್ರೋಗ್ರಾಮ್ ಹೊಸದರಲ್ಲಿ ಏಳುವುದಿಲ್ಲ.

ಬೀದಿ ಮೂಲೆಯ ಕಂಪ್ಯೂಟರ್ ರಿಪೇರಿಯವನು ಮನೆಗೇ ಬಂದ. ಸಾಧಾರಣ ಸಪ್ಲೈಯೊಂದನ್ನು ಪೆಟ್ಟಿಗೆಯ ಹೊರಗಿಟ್ಟು ವೈರು ಮಾತ್ರ ಒಳಗೆ ಬಿಟ್ಟರಾಯಿತು ಎಂಬುದು ಅವನ ಲೆಕ್ಕ. "ಪ್ಲಗ್ ಕರೆಕ್ಟಾಗಿ ಕೂರುತ್ತೆ ನೋಡಿ ಅಕ್ಕ" ಎಂದ. ಟೇಪಕ್ಕ ಗಂಡನ ಕೈ ಹಿಡಿದು ಕೂತಿದ್ದಳು. ಅವನ ಹೆಬ್ಬೆರಳು ಅವಳ ಅಂಗೈಯನ್ನು ಎರಡು ಸಲ ಒತ್ತಿತು, ಮತ್ತೆ ಎರಡು ಸಲ. ಒಂದು ಒತ್ತು ಅಂದರೆ ಹೌದು, ಎರಡು ಅಂದರೆ ಬೇಡ. ಯಂತ್ರ ಕೆಟ್ಟಂದಿನಿಂದ ಅವರಿಬ್ಬರ ಸಂಸಾರ ನಡೆದದ್ದೇ ಇದರಲ್ಲಿ.

"ಸ್ವಿಚ್ ಹಾಕಬೇಡ, ತಡಿ" ಎಂದಳು ಅವಳು. ರಿಪೇರಿಯವನು ಬೇಸರದಿಂದ ಮೀಟರ್ ಇಟ್ಟು ನೋಡಿದ. ಪ್ಲಗ್ ಅದೇ, ವೈರುಗಳ ಸಾಲು ಬೇರೆ. ಆ ಕಂಪನಿಯವರು ತಮ್ಮದೇ ಸಾಲು ಹಾಕಿಕೊಂಡಿದ್ದರು. "ಹಾಕಿದ್ದಿದ್ರೆ ಒಳಗಿನ ಬೋರ್ಡು ಕರಕಲಾಗ್ತಿತ್ತು. ಇದಕ್ಕೆ ಇದರದ್ದೇ ಬೇಕು" ಎಂದು ಹೇಳಿ ಚೀಲ ಎತ್ತಿಕೊಂಡು ಹೋದ.

ಅಲ್ಲಿಂದ ಶುರುವಾಯಿತು ಟೇಪಕ್ಕನ ಅಲೆದಾಟ. ಸತ್ತ ಸಪ್ಲೈಯ ಅಳತೆಗೆ ಸರಿಯಾಗಿ ಒಂದು ಬಟ್ಟೆಯ ಚೀಲ ಹೊಲಿದು, ಅದನ್ನು ಒಳಗಿಟ್ಟು ಹೆಗಲಿಗೆ ಹಾಕಿಕೊಂಡಳು. ಊಟದ ಬಿಡುವಿನಲ್ಲಿ ಊಟ ಬಿಟ್ಟು ಹಳೆ ಸಾಮಾನಿನ ಅಂಗಡಿ, ಗುಜರಿ, ಮುಚ್ಚಿದ ಆಫೀಸುಗಳ ಕಾವಲುಗಾರರು, ಎಲ್ಲೆಲ್ಲಿ ಯಾರು ಏನು ಹೇಳಿದರೋ ಅಲ್ಲೆಲ್ಲ ಹೋದಳು. ಹಳೆ ಸಪ್ಲೈಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೊರಳಿನ ಟೇಪು ಎಳೆದು ಒಂದೊಂದನ್ನೂ ಅಳೆಯುತ್ತಿದ್ದಳು.

"ಏನಮ್ಮಾ, ಇದಕ್ಕೆ ಶರಟು ಹೊಲೀತೀಯಾ?" ಎಂದು ಕೇಳಿದ ಗುಜರಿಯ ಮುದುಕ.

"ನಿನಗೆ ಹೊಲಿಯೋಕಿಂತ ಸುಲಭ. ಇದು ಉಸಿರು ಬಿಗಿ ಹಿಡಿದು ಹೊಟ್ಟೆ ಒಳಗೆ ಎಳ್ಕೊಳ್ಳಲ್ಲ" ಎಂದಳು ಟೇಪಕ್ಕ.

ಮುದುಕನ ರಾಶಿಯಲ್ಲೇ ಒಂದು ಸಿಕ್ಕಿತು. ಉದ್ದ ಸರಿ, ಅಗಲ ಸರಿ, ಪ್ಲಗ್ಗಿನ ಬಣ್ಣವೂ ಸರಿ. ಕುಣಿಯುತ್ತ ತಂದಳು ಅಂದರೂ ತಪ್ಪಿಲ್ಲ. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಇಟ್ಟರೆ ಬೆರಳಿನಷ್ಟು ಮೇಲಕ್ಕೆ ನಿಂತಿತು. ಅವಳು ಎತ್ತರ ಅಳೆದಿರಲಿಲ್ಲ. ಹುಟ್ಟಿದಾಗಿನಿಂದ ಬಟ್ಟೆ ಅಳೆದವಳು, ಬಟ್ಟೆಗೆ ಉದ್ದ ಅಗಲ ಬಿಟ್ಟರೆ ಮೂರನೆಯದು ಎಲ್ಲಿರುತ್ತದೆ? ಒಳಗಿನ ವೈರಿನ ಸಾಲೂ ಬೇರೆಯಾಗಿತ್ತು. ಗಂಡನ ಕಣ್ಣು ನಕ್ಕಿತು. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತಳು.

ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವವನಲ್ಲ ಗುಜರಿಯ ಮುದುಕ. ಆದರೆ ಎಲ್ಲೋ ಮುಚ್ಚಿದ ಟಿಕೆಟ್ ಕೌಂಟರಿನ ಸಾಮಾನು ಬಂದಾಗ ಅವನೇ ಬಟ್ಟೆಯಂಗಡಿಗೆ ಹೇಳಿ ಕಳಿಸಿದ. ಹುಡುಕುತ್ತಿದ್ದ ಬಳ್ಳಿ ಕಾಲಿಗೆ ತೊಡರಿದಂತಾಯಿತು. ಅದೇ ಕಂಪನಿ, ಅದೇ ಪುಟ್ಟ ಪೆಟ್ಟಿಗೆ, ಹೊಟ್ಟೆಯೊಳಗೆ ಅದೇ ಸೀಳಿದ ಇಟ್ಟಿಗೆ. ಟೇಪಕ್ಕ ಈ ಸಲ ಮೂರೂ ಕಡೆ ಅಳೆದಳು. ಮುದುಕ ಅವಳೆದುರೇ ಕರೆಂಟು ಕೊಟ್ಟು ಪೆಟ್ಟಿಗೆ ಏಳುವುದನ್ನು ತೋರಿಸಿ, ಸಪ್ಲೈ ಬಿಚ್ಚಿ ಕೈಗಿಟ್ಟ. ಹಿಂದಿನ ದಪ್ಪನೆಯದನ್ನು ವಾಪಸ್ ಇಟ್ಟುಕೊಂಡು ಮೇಲೆ ಚಿಲ್ಲರೆ ದುಡ್ಡು ಮಾತ್ರ ತೆಗೆದುಕೊಂಡ. "ಯಾರಿಗಮ್ಮ ಇದು?" ಎಂದ. "ನಮ್ಮನೆಯವರ ಮಾತಿಗೆ" ಎಂದಳು. ಮುದುಕನಿಗೆ ಅರ್ಥವಾಗಲಿಲ್ಲ.

ಬಸ್ಸಿನಲ್ಲಿ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ತನ್ನ ಬೀದಿಯ ತಿರುವಿನಲ್ಲಿ ಇಳಿದವಳು ಅಲ್ಲೇ ನಿಂತಳು. ಹುಡುಕುವಾಗ ಹೆದರುವುದಕ್ಕೆ ಪುರುಸೊತ್ತಿರಲಿಲ್ಲ. ಈಗ 'ನನ್ನನ್ನು' ಎಂಬ ಪದ ನೆನಪಾಯಿತು. ನನ್ನನ್ನು ಏನು? ನನ್ನನ್ನು ಉಳಿಸಿಕೋ? ನನ್ನನ್ನು ಬಿಟ್ಟುಬಿಡು? ಇಷ್ಟು ವರ್ಷ ಜೊತೆಗೆ ಬಾಳಿದ ಗಂಡನ ಮನಸ್ಸು ತಿಳಿಯದವಳಲ್ಲ ಅವಳು. ತಿಳಿದದ್ದಕ್ಕೇ ಹೆದರಿಕೆ.

ಮನೆಗೆ ಬಂದವಳು ಚೀಲವನ್ನು ಮಂಚದ ಎದುರಿನ ಮೊಳೆಗೆ ನೇತುಹಾಕಿದಳು. ಕೊರಳಿನ ಟೇಪು ಸರಿಪಡಿಸಿಕೊಳ್ಳುತ್ತ, ಅವನ ಕಡೆ ನೋಡದೆ, "ಇವತ್ತೂ ಸಿಗಲಿಲ್ಲ ರೀ" ಎಂದಳು.

ಅವಳನ್ನು ಬೈಯಬೇಕೆನಿಸಿದರೆ ನೀವು ಬೈಯಿರಿ. ನನಗೆ ಮಾತ್ರ ಬಾಯಿ ಬರುವುದಿಲ್ಲ. ಮಾತಿಗಾಗಿ ಊರೆಲ್ಲ ಅಲೆದವಳು ಮಾತು ಕೈಗೆ ಬಂದಾಗ ಅದನ್ನು ಮೊಳೆಗೆ ತೂಗುಹಾಕಿದಳು. ಮರುದಿನವೂ ಸಿಗಲಿಲ್ಲ ಎಂದಳು. ಅದರ ಮರುದಿನವೂ ಚೀಲ ಹೆಗಲಿಗೇರಿಸಿ ಹೋಗಿ, ಎಲ್ಲೂ ಅಲೆಯದೆ ಅಂಗಡಿಯಲ್ಲೇ ಊಟದ ಬಿಡುವು ಕಳೆದು, ಬಂದು ಮತ್ತೆ ಅದೇ ಮಾತು ಹೇಳಿದಳು.

ಅಷ್ಟರಲ್ಲಿ ಅವನ ಉಸಿರು ಇನ್ನೂ ಇಳಿಯಿತು. ಗಂಡನ ಅಣ್ಣ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ದನಿ ತಗ್ಗಿಸಿ ಹೇಳಿದರು. "ನೋಡಮ್ಮ, ಆ ಮೆಷಿನ್ ಸರಿಯಾಗೋ ಹಾಗೆ ಕಾಣಲ್ಲ. ಡಾಕ್ಟರು ಈ ವಾರ ಹೇಳಿ ಅಂತಾರೆ. ಅವನಿಗೆ ಹೇಳೋಕೆ ಆಗದಿದ್ರೆ ಹೆಂಡತಿ ಸಹಿ ಸಾಕಂತೆ. ಪೈಪ್ ಹಾಕಿಸಿಬಿಡೋಣ. ನಾಳೆ ಯಾರೂ ಇವರೇ ಕೊಂದ್ರು ಅನ್ನಬಾರದು."

"ಅವರನ್ನ ಕೇಳಬೇಕಲ್ವಾ ಭಾವ?"

"ಕೇಳಬೇಕು, ಇಲ್ಲ ಅಂದೋರು ಯಾರು? ಮೆಷಿನ್ ಇದ್ದಿದ್ರೆ ಕೇಳ್ತಿದ್ವಿ."

ಕೇಳಬೇಕು ಎಂದು ಡಾಕ್ಟರು ಹೇಳಿದರು, ಭಾವ ಹೇಳಿದರು, ಅವಳೂ ಹೇಳಿದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರಿಗೂ ಆ ಸುಟ್ಟ ಸಪ್ಲೈ ಒಳ್ಳೆಯ ಆಸರೆಯಾಯಿತು. ನಾಳೆ ಸಹಿ ಹಾಕುತ್ತೇನೆ ಎಂದು ಟೇಪಕ್ಕ ಒಪ್ಪಿಕೊಂಡಳು. ಅವಳಿಗೆ ಅವನು ಬೇಕಾಗಿದ್ದ. ಪೈಪಿನೊಂದಿಗಾದರೂ ಸರಿ, ಮಾತಿಲ್ಲದೆಯಾದರೂ ಸರಿ, ಬೆಳಿಗ್ಗೆ ಎದ್ದಾಗ ಮಂಚದ ಮೇಲೆ ಇರಬೇಕಾಗಿತ್ತು.

ಮರುದಿನ ಅಂಗಡಿಗೆ ರಜ. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅವನ ಮುಖ ಒರೆಸುತ್ತಿದ್ದಾಗ ಅವನ ಕಣ್ಣು ತನ್ನನ್ನು ದಾಟಿ ಹೋಗುತ್ತಿರುವುದು ಕಂಡಿತು. ತಿರುಗಿ ನೋಡಿದಳು. ಮೊಳೆಯಲ್ಲಿ ಚೀಲ ತೂಗುತ್ತಿತ್ತು. ಒಂದೇ ಸಪ್ಲೈಗೆ ಅಳತೆಯಿಟ್ಟು ಹೊಲಿದ ಚೀಲದಲ್ಲಿ ಎರಡಿದ್ದವು. ಹೊಲಿಗೆ ಬಿಟ್ಟುಕೊಳ್ಳುವ ಹಾಗೆ ಉಬ್ಬಿತ್ತು, ಭಾರಕ್ಕೆ ಮೊಳೆ ಬಾಗಿತ್ತು. ಊರಿನವರ ಹೊಟ್ಟೆ ಬೆರಳಷ್ಟು ಬೆಳೆದರೂ ಕಂಡುಹಿಡಿಯುವವಳಿಗೆ ಇದು ಕಂಡಿರಲಿಲ್ಲ.

ಅವನ ಕೈಯೊಳಗೆ ಕೈಯಿಟ್ಟಳು. "ನಿಮಗೆ ಗೊತ್ತಿತ್ತಾ?"

ಒಂದು ಒತ್ತು.

"ತಂದ ದಿನದಿಂದ್ಲೇ?"

ಒಂದು ಒತ್ತು.

ಟೇಪಕ್ಕ ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ಅವನ ಕಣ್ಣಿಗೆ ಕಾಣುವ ಹಾಗೆ ಸ್ಟೂಲಿನ ಮೇಲಿಟ್ಟಳು. ಒಂದು ಕೈ ಅವನ ಕೈಯಲ್ಲಿ, ಇನ್ನೊಂದರಲ್ಲಿ ಅವನದೇ ಹಳೆ ಸ್ಕ್ರೂಡ್ರೈವರ್. ಈ ವೈರು ಇಲ್ಲಿಗಾ? ಒಂದು ಒತ್ತು. ಇದು? ಎರಡು. ಹಾಗಾದ್ರೆ ಇಲ್ಲಿಗೆ? ಒಂದು. ಸಪ್ಲೈ ತನ್ನ ಜಾಗದಲ್ಲಿ ಕೂತಿತು, ಮುಚ್ಚಳ ಮುಚ್ಚಿತು. ಸ್ವಿಚ್ ಹಾಕಿದಾಗ ಒಳಗೆ ಫ್ಯಾನ್ ತಿರುಗುವ ಸದ್ದು ಬಂತು.

ಕರೆಂಟು ಹೋದರೆ ಬರೆದದ್ದು ಅಳಿಯಬಾರದೆಂದು ಅವನು ಏರ್ಪಾಡು ಮಾಡಿದ್ದ. ಪರದೆ ಬೆಳಗಿದಾಗ 'ನನ್ನನ್ನು' ಅಲ್ಲೇ ಇತ್ತು. ಅವಳು ಗುಂಡಿಯನ್ನು ಅವನ ಹೆಬ್ಬೆರಳಿನ ಕೆಳಗಿಟ್ಟಳು. ಹಳದಿ ಪಟ್ಟಿ ಓಡಿತು. ಬೆರಳಿಗೆ ಹಿಂದಿನ ಬಲವಿರಲಿಲ್ಲ, ಪಟ್ಟಿ ಎರಡೆರಡು ಸುತ್ತು ಬರಬೇಕಾಯಿತು. 'ಕ' ಬಂತು. ಕಾಪಾಡು ಎಂದಿರಬಹುದು. ಕಳಿಸಿಬಿಡು ಎಂದೂ ಇರಬಹುದು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಪಟ್ಟಿ ಮತ್ತೆ ಓಡಿತು, ನಿಂತಿತು, ಓಡಿತು. ಕೊನೆಗೆ ಪೆಟ್ಟಿಗೆ ಮಾತಾಡಿತು. ನೆಗಡಿಯಾಗಿದ್ದ ದಿನ ತುಂಬಿಸಿದ್ದ ದನಿ, ಸ್ವಲ್ಪ ಮೂಗಿನಲ್ಲಿ.

"ನನ್ನನ್ನು ಕೇಳು."

ಅವತ್ತು ಅವನು ಹೇಳಹೊರಟದ್ದು ಉತ್ತರವೇ ಅಲ್ಲ. ಡಾಕ್ಟರು ಹೋದ ಮೇಲೆ ಅವಳು ಕಸ ಗುಡಿಸಿದ್ದಳು, ಬಟ್ಟೆ ಒಗೆದಿದ್ದಳು, ಹೊಲಿಗೆ ಹಿಡಿದು ಕೂತಿದ್ದಳು. ಕೇಳಿರಲಿಲ್ಲ. ಆಮೇಲೆ ಇಷ್ಟು ವಾರ ಅವನ ಹೆಬ್ಬೆರಳು ಅವಳ ಅಂಗೈಯಲ್ಲೇ ಇತ್ತು. ನೀರು ಬೇಕಾ, ದಿಂಬು ಎತ್ತಲಾ, ಕಿಟಕಿ ಮುಚ್ಚಲಾ ಎಂದು ನೂರು ಸಲ ಕೇಳಿದ್ದಳು, ನೂರು ಸಲವೂ ಅದು ಸರಿಯಾಗಿ ಹೇಳಿತ್ತು. ಸುಡಲಿದ್ದ ಬೋರ್ಡನ್ನು ಉಳಿಸಿದ್ದೂ ಅದೇ. ಅಂಗೈ ಹುಣ್ಣಿಗೆ ಕನ್ನಡಿ ಹುಡುಕುತ್ತ ಊರೆಲ್ಲ ತಿರುಗಿದ್ದಳು ಅವಳು.

ಗುಂಡಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಅಂಗೈಯನ್ನು ಹೆಬ್ಬೆರಳಿನ ಕೆಳಗೆ ತಂದಳು. ಅವನ ಕಣ್ಣನ್ನೇ ನೋಡುತ್ತ ಕೇಳಿದಳು.

"ಗಂಟಲಿಗೆ ಪೈಪ್ ಹಾಕ್ಸೋಣ್ವಾ, ರೀ?"

ಹೆಬ್ಬೆರಳು ಒಂದು ಸಲ ಒತ್ತಿತು.

ಟೇಪಕ್ಕ ಕೈ ಅಲುಗಿಸಲಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು, ಅವನ ಉಸಿರು ಕೇಳುತ್ತಿತ್ತು. ಇಷ್ಟೇ ಇರಲಿ, ಇಲ್ಲಿಗೇ ನಿಲ್ಲಲಿ ಎಂದು ಬೇಡಿಕೊಂಡಳು. ಈಗಲೇ ಕೈ ಎಳೆದುಕೊಂಡರೆ ಅದು ಹೌದು ಎಂದೇ ಆಗುತ್ತದೆ, ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಅನಿಸಿತು. ಎಳೆದುಕೊಳ್ಳಲಿಲ್ಲ. ಎರಡನೆಯದು ಬರುವುದು ತಡವಾಯಿತು, ಬೆರಳು ಸೋತಿತ್ತು. ಆದರೆ ಬಂತು.