ಬೆಳ್ಳಕ್ಕಿಗೆ ಪುರಾವೆ

ಕೋವಿಡ್ ಕಾಲದಲ್ಲಿ ಮನೆಯೊಳಗೆ ಕೂತು ಕೂತು ಬೇಸತ್ತು ನಾನು ಹತ್ತಿಸಿಕೊಂಡದ್ದು ಹಕ್ಕಿ ನೋಡುವ ಹುಚ್ಚು. ಅಮೆರಿಕದ ಕ್ಯಾರಿ ಊರಿನ ನಮ್ಮ ಮನೆಯಿಂದ ಹತ್ತು ನಿಮಿಷ ಕಾರಿನಲ್ಲಿ ಹೋದರೆ ಒಂದು ಕೆರೆ. ಕಂಡ ಹಕ್ಕಿಗಳನ್ನು ಫೋನಿನಲ್ಲಿ ಹಕ್ಕಿ ವೀಕ್ಷಕರ ಆ್ಯಪಿಗೆ ದಾಖಲಿಸುತ್ತೇನೆ. ಅಪರೂಪದ್ದೇನಾದರೂ ಇದ್ದರೆ ನಮ್ಮ ಭಾಗದ ಪರಿಶೀಲಕರೊಬ್ಬರು ನೋಡಿ ಒಪ್ಪಬೇಕು.

ಆ ಮಂಗಳವಾರ ಬೆಳಿಗ್ಗೆ ಮೀಟಿಂಗಿಗೆ ಮುಂಚೆ ಒಂದು ಗಂಟೆ ಬಿಡುವಿತ್ತು. ಕೆರೆಯ ತಿರುವಿನಲ್ಲಿ ಒಂದು ಬೆಳ್ಳಕ್ಕಿ ನೀರಲ್ಲಿ ಕಾಲಾಡಿಸುತ್ತಾ ಮೀನು ಎಬ್ಬಿಸುತ್ತಿತ್ತು. ತಲೆಯ ಹಿಂದೆ ಜೋತುಬಿದ್ದ ಎರಡು ಉದ್ದ ಗರಿ, ಕಪ್ಪು ಕೊಕ್ಕು, ಹಳದಿ ಪಾದ. ಮೈಸೂರಿನ ಕೆರೆ ಏರಿಗಳ ಮೇಲೆ ಓಡಾಡಿ ಬೆಳೆದವಳಿಗೆ ಅದರಲ್ಲೇನು ವಿಶೇಷ? ಬೆಳ್ಳಕ್ಕಿ ತಾನೇ ಎಂದು ಬೆನ್ನು ತಿರುಗಿಸಿ, ಇಲ್ಲಿನವರು ಕಣ್ಣೆತ್ತಿಯೂ ನೋಡದ ವುಡ್ ಡಕ್ ಬಾತಿನ ಬಣ್ಣಕ್ಕೆ ಮರುಳಾಗಿ ಅದರ ನಲವತ್ತು ಫೋಟೋ ತೆಗೆದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಕಾರಿನಲ್ಲಿ ಕೂತು ಪಟ್ಟಿ ತುಂಬುವಾಗ ನನ್ನ ತಪ್ಪು ಹೊಳೆಯಿತು. ಆ ಬೆಳ್ಳಕ್ಕಿ ಇಲ್ಲಿನ ಪಟ್ಟಿಯಲ್ಲೇ ಇರಲಿಲ್ಲ. ಸಾಗರ ದಾಟಿ ದಾರಿ ತಪ್ಪಿ ಬಂದರೆ ಮಾತ್ರ ಇಲ್ಲಿ ಕಾಣಬೇಕು. ಇಲ್ಲಿರುವುದು ಅದರ ದಾಯಾದಿ, ಸ್ನೋಯಿ ಎಗ್ರೆಟ್: ಅದಕ್ಕೆ ಕೆದರಿದ ಜುಟ್ಟು, ಕಣ್ಣಿನ ಮುಂದಿನ ಚರ್ಮ ಹಳದಿ. ನಾನು ಕಂಡದ್ದರ ಚರ್ಮ ಬೂದು. ಓಡಿ ವಾಪಸು ಹೋದೆ. ಹಾರಿಹೋಗಿತ್ತು. ಕಂಡದ್ದನ್ನೆಲ್ಲ ಬಿಡದೆ ಬರೆದು ಕಳಿಸಿದೆ.

ಸಂಜೆ ಪರಿಶೀಲಕರ ಉತ್ತರ ಬಂತು, ಬಲು ವಿನಯದ್ದು. "ಭಾರತದಿಂದ ಬಂದವರಿಗೆ ಊರಿನ ಹಕ್ಕಿಗಳೇ ಇಲ್ಲೂ ಕಾಣುವುದು ಸಹಜ. ನೀವು ನೋಡಿದ್ದು ಸ್ನೋಯಿ ಇರಬೇಕು. ತಿದ್ದುತ್ತೀರಾ?"

ಮೈಯೆಲ್ಲ ಉರಿದುಹೋಯಿತು. ಫೋಟೋ ಇಲ್ಲ, ಒಪ್ಪುವುದಿಲ್ಲ ಅಂದಿದ್ದರೆ ಸುಮ್ಮನಾಗುತ್ತಿದ್ದೆ. ಆ ತಪ್ಪು ನನ್ನದೇ. ಆದರೆ ಊರಿನ ನೆನಪಿಗೆ ನನ್ನ ಕಣ್ಣು ಮಂಜಾಗಿದೆ ಅನ್ನುವುದೇ? ಆ ಹಕ್ಕಿಯನ್ನು ನನ್ನಷ್ಟು ಸಲ ನೋಡಿದವರು ಈ ಕೌಂಟಿಯಲ್ಲಿ ಯಾರಿದ್ದಾರೆ?

"ಹೋಗ್ಲಿ ಬಿಡೇ, ಒಂದು ಹಕ್ಕಿಗೋಸ್ಕರ ಯಾಕಿಷ್ಟು ಸ್ಟ್ರೆಸ್ ಮಾಡ್ಕೋತೀಯ? ಸ್ನೋಯಿ ಅಂತ್ಲೇ ಎಡಿಟ್ ಮಾಡ್ಬಿಡು," ಅಂದರು ನಮ್ಮವರು.

"ಮಾಡಲ್ಲ ರೀ. ಕಂಡಿದ್ದು ಕಂಡಿದ್ದೇ."

ಶನಿವಾರ ಕೆರೆಗೆ ಹೋದರೆ ಕಾರು ನಿಲ್ಲಿಸಲು ಜಾಗವಿಲ್ಲ. ಅದೇ ತಿರುವಿನಲ್ಲಿ ಅದೇ ಬೆಳ್ಳಕ್ಕಿ, ದಡದ ತುಂಬ ಜನ. ಶುಕ್ರವಾರ ಅದನ್ನು 'ಪತ್ತೆಹಚ್ಚಿದವರು' ಆ ಪರಿಶೀಲಕರೇ! ಎಲ್ಲರೂ ಅವರ ಕೈಕುಲುಕುತ್ತಿದ್ದರು. ಹಕ್ಕಿ ನೋಡುವ ವಾರಾಂತ್ಯದ ನಡಿಗೆಗಳಲ್ಲಿ ಅವರ ಮುಖಪರಿಚಯವಿತ್ತು. ನನ್ನನ್ನು ಕರೆದು ತಮ್ಮ ದುರ್ಬೀನಿನ ಮುಂದೆ ಜಾಗ ಬಿಟ್ಟರು. "ಬನ್ನಿ, ಸ್ನೋಯಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ತೋರಿಸುತ್ತೇನೆ."

ಫೋನು ತೆಗೆದು ಮಂಗಳವಾರ ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದೆ. ಎರಡು ಗರಿ. ಬೂದು ಚರ್ಮ. ಇದೇ ತಿರುವು. ಕೆಲವರು ಮುಖ ಮುಖ ನೋಡಿಕೊಂಡರು. ಅವರು ಮಾತ್ರ ನಕ್ಕು, "ಅವತ್ತಿನದು ಇದೇ ಅನ್ನುವುದಕ್ಕೆ ಪುರಾವೆ ಇಲ್ಲವಲ್ಲ," ಅಂದರು.

"ನಿಮ್ಮ ಅಂಗಳಕ್ಕೆ ದಿನಾ ಬರುವ ರಾಬಿನ್ ಹಕ್ಕಿಯನ್ನು ಗುರುತಿಸಲು ನಿಮಗೆ ಪುರಾವೆ ಬೇಕೇ?" ಎಂದು ಕೇಳಿದೆ. ಅವರು ದುರ್ಬೀನಿಗೆ ಕಣ್ಣು ಹಚ್ಚಿದರು.

ಮೊದಲು ಕಂಡವರ ಜಾಗದಲ್ಲಿ ಈಗಲೂ ಅವರ ಹೆಸರಿದೆ. ನನ್ನ ದಾಖಲೆಯ ಮುಂದೆ 'ಖಚಿತವಾಗಿಲ್ಲ' ಎಂದಿದೆ. ನೋಡಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಅಳಿಸಿಹಾಕಿದರೆ ನೆಮ್ಮದಿಯಾದರೂ ಸಿಗುತ್ತದೆ ಅನ್ನುತ್ತಾರೆ ನಮ್ಮವರು. ನಾನೇಕೆ ಅಳಿಸಲಿ? ಸುಳ್ಳು ಬರೆದವರು ಅಳಿಸಲಿ.