ಮುದ್ದಿ ಉಣಿಸಿದ ನಾಯಿ

ದೊರೆಸಾನಿ ಮುದ್ದಿಯ ಕೈ ಹಿಡಿದು ನಾಯಿಯ ಪಕ್ಕೆಗೆ ಒತ್ತಿದಾಗ ಅವಳು ಥಟ್ಟನೆ ಕೈ ಎಳೆದುಕೊಂಡಳು.

"ಇಲ್ಲಿ ನೋಡು. ಮೂಳೆ ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ದಪ್ಪ ಬೇಡ. ಸಾಯೋವರೆಗೂ ದಪ್ಪ ಬೇಡ."

ಮುದ್ದಿ ತಲೆಯಾಡಿಸಿದಳು. ಕುಸಿನಿಗೆ ಬಂದವಳೇ ಒಲೆಯ ಮುಂದಿದ್ದ ಅಡಿಗೆಯ ಕರಿಯನ ಎದುರು ಕೂತಳು. "ಅಲ್ಲ ಕರಿಯಣ್ಣ, ದಿನಾ ಮಾಂಸ ಬೇಯೋ ಮನೇಲಿ ನಾಯಿ ಮೂಳೆ ಕೈಗೆ ಸಿಗ್ಬೇಕಂತೆ! ಇದೆಂಥ ಕಲ್ಲು ಮನಸ್ಸೋ ಇವರದ್ದು?"

"ಹೇಳಿದಷ್ಟು ಮಾಡು ಮಾರಾಯ್ತಿ" ಎಂದ ಕರಿಯ.

ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಇಳಿಯುವ ದಾರಿಯ ಬದಿಯಲ್ಲಿ ಬಿಳಿ ದೊರೆಯೊಬ್ಬರ ಕಾಫಿ ತೋಟ ಅದು. ಮುದ್ದಿ ಮದುವೆಯಾಗಿ ಹಾಸನದ ಕಡೆಯಿಂದ ಅಲ್ಲಿನ ಕೂಲಿಯವರ ಮನೆಸಾಲಿಗೆ, ಲೈನಿಗೆ, ಬಂದವಳು. ಒಂದು ಮಳೆಗಾಲದ ಚಳಿಜ್ವರ ಅವಳ ಗಂಡನನ್ನು ಕೊಂಡೊಯ್ದಿತು. ಅದೇ ಜ್ವರದಲ್ಲಿ ಸೊರಗಿ ಸೊರಗಿ, ಆಗತಾನೇ ನಡೆಯಲು ಕಲಿತಿದ್ದ ಮಗಳೂ ಹೋದಳು. ಕೊನೆಕೊನೆಗೆ ಮಗುವನ್ನು ಎತ್ತಿಕೊಂಡರೆ ಬರೀ ಎದೆಗೂಡು ಕೈಗೆ ಬರುತ್ತಿತ್ತು. ಆಮೇಲೆ ಕಾಫಿ ಹಣ್ಣು ಕೊಯ್ಯುತ್ತ ನಿಂತಲ್ಲೇ ಮರಗಟ್ಟಿ ನಿಲ್ಲುತ್ತಿದ್ದ ಅವಳನ್ನು ತೋಟದ ಲೆಕ್ಕ ಬರೆಯುವ ರೈಟರ್ ಉತ್ತಯ್ಯನವರು ಬಂಗಲೆ ಕೆಲಸಕ್ಕೆ ಹಾಕಿದ್ದರು.

ನಾಯಿಯ ಹೆಸರು ಜಿಪ್. ಟೆರಿಯರ್ ಜಾತಿಯದು, ಬೆಳ್ಳಗೆ, ಒಂದು ಕಿವಿ ಮಾತ್ರ ಕಂದು, ಮೊಲಕ್ಕಿಂತ ತುಸು ದೊಡ್ಡದು. ಮುದ್ದಿಗೆ ಅದು ಜಿಪ್ಪಿ. ಅದರ ಊಟವೆಂದರೆ ಕೊಬ್ಬು ತೆಗೆದು ಬೇಯಿಸಿದ ಒಂದಿಷ್ಟು ಮಾಂಸ, ಅದಕ್ಕಿಂತ ಕಡಿಮೆ ಅನ್ನ, ಉಪ್ಪಿಲ್ಲದೆ ಬೇಯಿಸಿದ ಹುರುಳಿಕಾಯಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ತುಪ್ಪ, ಬೆಲ್ಲ, ಮೇಜಿನ ಮೇಲೆ ಉಳಿದದ್ದು ಯಾವುದೂ ಕೂಡದು. ತಟ್ಟೆ ನೆಕ್ಕಿ ಮುಗಿಸಿದ ಮೇಲೂ ಜಿಪ್ಪಿ ಅವಳ ಮುಖ ನೋಡುತ್ತಿತ್ತು. ಆ ನೋಟ ಅವಳಿಂದ ತಡೆಯಲಾಗುತ್ತಿರಲಿಲ್ಲ.

ಮರುವರ್ಷ ದೊರೆಸಾನಿ ಸ್ವಲ್ಪ ಕಾಲಕ್ಕೆಂದು ಸೀಮೆಗೆ, ಇಂಗ್ಲೆಂಡಿಗೆ, ಹೋದರು. ಅಂದಿನಿಂದ ಕರಿಯ ಬಿಸಾಡುವ ಕೊಬ್ಬೆಲ್ಲ ಜಿಪ್ಪಿಯ ತಟ್ಟೆಗೆ ಬಿತ್ತು. ಬೆಣ್ಣೆ ಸವರಿದ ಅಕ್ಕಿರೊಟ್ಟಿ, ಬೆಲ್ಲದ ಚೂರು, ಪಾಯಸದ ತಳ, ಎಲ್ಲವೂ. "ತಿನ್ನು ಮಗಾ" ಎನ್ನುತ್ತ ಎದುರು ಕೂತು ತಿನ್ನಿಸಿದಳು. ನಾಯಿಯ ಸೊಂಟ ಮಾಯವಾಗಿ ಮೈ ಕುಂಬಳಕಾಯಿಯಂತಾಯಿತು. ಪಕ್ಕೆಗೆ ಕೈಯಿಟ್ಟರೆ ಮೆತ್ತಗೆ. ಆ ಮೆತ್ತನೆಯ ಪಕ್ಕೆ ಮುಟ್ಟಿದ ದಿನ ಮುದ್ದಿಗೆ ಹಾಯಾಗಿ ನಿದ್ದೆ ಬಂತು.

ಬೇಸಗೆಯ ಒಂದು ಮಧ್ಯಾಹ್ನ ಕಾಫಿ ಗೋದಾಮಿನಿಂದ ಇಲಿಯೊಂದು ಓಡಿತು. ಇಲಿಯೆಂದರೆ ಗಾಳಿಯಂತೆ ಹಾರುತ್ತಿದ್ದ ಜಿಪ್ಪಿ ಅಂಗಳದ ಅರ್ಧಕ್ಕೇ ಮುಗ್ಗರಿಸಿ ಬಿತ್ತು. ಕಾಲುಗಳು ಸೆಟೆದವು, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತು, ಗಂಟಲಿನಿಂದ ಗೊರಗೊರ ಸದ್ದು. ಮುದ್ದಿ ಕಿರುಚಿಕೊಂಡಳು. ಕರಿಯ ಓಡಿಬಂದು ನೆರಳಿಗೆ ಎಳೆದು ಒದ್ದೆ ಬಟ್ಟೆ ಹೊದಿಸಿದ.

"ಹಾವು ಕಚ್ತಾ ಕರಿಯಣ್ಣ?"

"ಹಾವೂ ಇಲ್ಲ, ಗೀವೂ ಇಲ್ಲ. ಆ ಮೈ ನೋಡು. ಅದರ ಗುಂಡಿಗೆ ಎಷ್ಟು ಅಂತ ಹೊರ್ತದೆ? ನೀನೇ ತಿನ್ನಿಸಿ ತಿನ್ನಿಸಿ ಕೊಲ್ತಿದ್ದೀಯ."

ಮುದ್ದಿ ಬೆಚ್ಚಿ ತನ್ನ ಕೈಗಳನ್ನೇ ನೋಡಿಕೊಂಡಳು. ಹಸಿವಿನಿಂದ, ಜ್ವರದಿಂದ ಜೀವ ಹೋಗುವುದನ್ನು ಕಂಡಿದ್ದಳು. ತುತ್ತಿನಿಂದಲೂ ಹೋಗಬಹುದೆಂದು ಅವಳ ಕನಸಿಗೂ ಬಂದಿರಲಿಲ್ಲ.

ಸಂಜೆಯ ಹೊತ್ತಿಗೆ ನಾಯಿ ಚೇತರಿಸಿಕೊಂಡಿತು. ಮರುದಿನದಿಂದಲೇ ಮುದ್ದಿ ಅದರ ಊಟ ಇಳಿಸಲು ಹೊರಟಳು. ಒಮ್ಮೆಲೇ ಉಪವಾಸ ಕೆಡವಲು ಧೈರ್ಯ ಸಾಲದೆ, ಮೊದಲು ಕೊಬ್ಬು ಬಿಡಿಸಿದಳು, ಆಮೇಲೆ ರೊಟ್ಟಿ ಬಿಡಿಸಿದಳು, ಅನ್ನ ಇಳಿಸಿ ಹುರುಳಿಕಾಯಿ ಹೆಚ್ಚಿಸಿದಳು. ಹೊಳೆಯ ದಾರಿಯಲ್ಲಿ ಮೊದಲು ಮೆಲ್ಲಗೆ, ಬರಬರುತ್ತ ದೂರ ನಡೆಸಿದಳು. ಜಿಪ್ಪಿ ಬೇಡುವಾಗ ಮುಖ ತಿರುಗಿಸಿ ಪಾತ್ರೆ ಉಜ್ಜಿದಳು, ಅತ್ತಳು, ಆದರೆ ಹಾಕಲಿಲ್ಲ. ಮಳೆ ಮುಗಿದು ಕಾಫಿ ಹಣ್ಣಾಗುವಷ್ಟರಲ್ಲಿ ಅದರ ಸೊಂಟ ಮತ್ತೆ ಮೂಡಿತು. ಅದು ಇಲಿ ಹಿಡಿಯಿತು. ಸೀಮೆಯಿಂದ ಮರಳಿದ ದೊರೆಸಾನಿ ನಾಯಿಯ ಬೆನ್ನು ತಡವಿ ನಕ್ಕರಷ್ಟೆ.

ಕೆಲವು ವರ್ಷಗಳ ಮೇಲೆ ದೊರೆ ತೋಟ ಮಾರಿದರು. ದೊರೆಸಾನಿ ಮುಂಚೆಯೇ ಹಡಗು ಹತ್ತಿದ್ದರು. ದೊರೆ ಹೊರಡುವ ಮುನ್ನಾದಿನ ಮುದ್ದಿ ಅಂಗಳಕ್ಕೆ ಬಂದರೆ, ಉತ್ತಯ್ಯನವರು ಕೋವಿ ಹಿಡಿದು ನಿಂತಿದ್ದಾರೆ, ಜಿಪ್ಪಿ ಪೇರಳೆ ಮರಕ್ಕೆ ಕಟ್ಟಿದೆ, ಬಾಲ ಆಡಿಸುತ್ತಿದೆ.

"ಇದೇನು ರೈಟರೇ?"

"ದೊರೆ ಹೇಳಿದ್ದು. ಹಡಗಿನಲ್ಲಿ ಕರ್ಕೊಂಡು ಹೋಗಲಿಕ್ಕಾಗೋದಿಲ್ಲ. ಬಿಟ್ಟು ಹೋಗೋದಕ್ಕಿಂತ ಇದೇ ಮೇಲಂತೆ" ಎಂದ ಉತ್ತಯ್ಯನವರು ತಲೆ ಎತ್ತಲಿಲ್ಲ.

ಇಷ್ಟು ಜೋಪಾನ ಮಾಡಿಸಿದವರೇ ಗುಂಡು ಹಾಕಿಸುವುದೇ? ಅವಳು ನೇರ ಜಗಲಿಗೆ ನಡೆದಳು. ಅಲ್ಲಿಯವರೆಗೆ ದೊರೆಯ ಎದುರು ಒಂದು ಮಾತೂ ಆಡಿದವಳಲ್ಲ.

"ನಂಗೆ ಕೊಡಿ ದೊರೆ. ನಾನು ಸಾಕ್ತೀನಿ."

ದೊರೆ ಚುಟ್ಟ ಕೆಳಗಿಟ್ಟರು. "ನೀನಾ? ಆ ವರ್ಷ ನೀನೇ ಕೊಲ್ಲುತ್ತಿದ್ದೆ. ನನಗೆ ಗೊತ್ತಿಲ್ಲವಾ?"

ದೊರೆಗೆ ತಿಳಿದಿಲ್ಲವೆಂದೇ ಮುದ್ದಿ ಇಷ್ಟು ವರ್ಷ ನಂಬಿದ್ದಳು. ಆದರೂ ಬಾಯಿ ನಿಲ್ಲಲಿಲ್ಲ. "ಹೌದು ದೊರೆ, ನಾನೇ. ಉಳಿಸ್ಕೊಂಡಿದ್ದೂ ನಾನೇ. ಈಗ ಹಾಕೋದೂ ಗೊತ್ತು, ಹಾಕದೆ ಇರೋದೂ ಗೊತ್ತು."

ದೊರೆ ಅವಳನ್ನೊಮ್ಮೆ ನೋಡಿ, ಬೇಡವೆಂದು ಅಂಗಳದ ಕಡೆ ಕೈ ಬೀಸಿದರು. ಉತ್ತಯ್ಯನವರು ಕೋವಿಯ ತೋಟಾ ತೆಗೆದು, ಹಗ್ಗ ಬಿಚ್ಚಿ ಮುದ್ದಿಯ ಕೈಗಿಟ್ಟರು.

ಬಂಗಲೆ ಕೆಲಸ ಹೋಗಿ ಮುದ್ದಿ ಮತ್ತೆ ಕೊಯ್ಲಿಗೆ ಇಳಿದಳು. ಲೈನಿನಲ್ಲಿ ದಿನವೂ ಮಾಂಸ ಎಲ್ಲಿಂದ ಬರಬೇಕು? ಹೊಳೆಯ ಮೀನು ಬೇಯಿಸಿ ಮುಳ್ಳು ಬಿಡಿಸಿ ಹಾಕಿದಳು. ಸಂತೆಯ ದಿನ ಕುರಿ ಈಲಿಯ ಚೂರು, ಉಳಿದ ದಿನ ಮೊಟ್ಟೆ, ಹಿಡಿಯಷ್ಟು ಅನ್ನ. ಅಕ್ಕಪಕ್ಕದವರು ಕೈತುಂಬ ತಂದರೆ ಬಾಗಿಲಲ್ಲೇ ತಡೆದಳು. "ನಾಯಿಗೆ ಒಂದು ತುಂಡು ರೊಟ್ಟಿ ಹಾಕಿದ್ರೆ ನಿನ್ ಗಂಟೇನ್ ಹೋಗ್ತದೆ?" ಎಂದು ಗಂಡನ ತಾಯಿ ಮಾರಿ ಬೈದರೆ, "ಅದರ ಉಸಿರು ಹೋಗ್ತದೆ ಅತ್ತೆ" ಎನ್ನುತ್ತಿದ್ದಳು.

ಜಿಪ್ಪಿ ಹಲ್ಲುದುರಿ, ಕಣ್ಣು ಮಂಜಾಗಿ, ಅದರ ಓರಗೆಯ ನಾಯಿಗಳೆಲ್ಲ ಸತ್ತ ಮೇಲೂ ಬದುಕಿತ್ತು. ಕಡೆಯ ದಿನದವರೆಗೂ ಕಾಫಿ ಗಿಡಗಳ ನಡುವೆ ಮುದ್ದಿಯ ಹಿಂದೆ ಮೆಲ್ಲನೆ ನಡೆಯುತ್ತಿತ್ತು. ಒಂದು ಬೆಳಿಗ್ಗೆ ಮೀನಿನ ತಟ್ಟೆಯನ್ನು ಮೂಸಿ ಹಾಗೇ ಬಿಟ್ಟಿತು. ಜನ್ಮದಲ್ಲಿ ಒಂದಗುಳೂ ಬಿಡದ ನಾಯಿ! ಮುದ್ದಿ ಬುಟ್ಟಿ ಕೆಳಗಿಟ್ಟು, ಅವತ್ತು ಕೊಯ್ಲಿಗೆ ಹೋಗದೆ, ಅದನ್ನು ಮಡಿಲಿಗೆ ಎಳೆದುಕೊಂಡು ಹೊಸ್ತಿಲಲ್ಲೇ ಕೂತಳು.